ಎಲ್ಲರ ಗುಬ್ಬಿ

ಜೂನ್ 3

ಹಲ್ಲುಜ್ಜುತ್ತಿದ್ದೆ. ಅಮ್ಮ ಫೋನ್ ಹಿಡಿದು ಬಾಗಿಲಲ್ಲಿ. "ನಮ್ಮ ಗುಬ್ಬಿ ಇವತ್ತೂ ಲೇಟು ನೋಡಿ!" ನೊರೆ ತುಂಬಿದ ಬಾಯಲ್ಲೇ ಬೇಡ ಎಂದೆ. ಅದೂ ಅಮ್ಮನ ಚಾನೆಲ್ಲಿನ ವಿಡಿಯೋದಲ್ಲಿ ಬಂತು. ಗಣಿತದ ಪಿರಿಯಡ್ ಹೊತ್ತಿಗೆ ಕ್ಲಾಸೆಲ್ಲ ನೋಡಿತ್ತು. ಹಿಂದಿನ ಬೆಂಚಿನಿಂದ ಚಿಂವ್ ಚಿಂವ್. ಹತ್ತನೇ ಕ್ಲಾಸು ನಾನು. ಇನ್ನೂ ಗುಬ್ಬಿ!

ಜೂನ್ 9

ಜ್ವರ, ಕೆಮ್ಮು. ಮಲಗಿದ್ದನ್ನೂ ಅಮ್ಮ ಹಾಕಿದ್ದಾಳೆ. ಸಿರಪ್ ಕುಡಿದದ್ದನ್ನೂ. ಬಂದ ಕಾಮೆಂಟುಗಳನ್ನು ಒಂದೊಂದಾಗಿ ಓದಿ ಹೇಳಿದಳು, ನನ್ನ ತಲೆ ಸವರುತ್ತ. ಕೈ ತಣ್ಣಗೆ ಹಿತವಾಗಿತ್ತು. ಜಗಳ ಆಡಬೇಕೆಂದಿದ್ದೆ... ನಿದ್ದೆ ಬಂತು.

ಜೂನ್ 14, ಸಂಜೆ

ಬಸ್ ಸ್ಟಾಪಿನಲ್ಲಿ ಒಬ್ಬ. ಅಪ್ಪನ ವಯಸ್ಸು. ಇಸ್ತ್ರಿ ಮಾಡಿದ ನೀಲಿ ಅಂಗಿ.

"ಗುಬ್ಬಿ, ಕೆಮ್ಮು ಕಮ್ಮಿ ಆಯ್ತಾ ಪುಟ್ಟಾ?"

ಯಾರೋ ನೆಂಟರು ಅಂದುಕೊಂಡೆ. "ಹೂಂ ಅಂಕಲ್."

"ಸಿರಪ್ ಕಹಿ ಅಲ್ವಾ? ಮುಖ ಹೆಂಗೆ ಸಿಂಡರಿಸಿದ್ದೆ!"

ಆಗ ಗೊತ್ತಾಯಿತು. ಬಸ್ ಹತ್ತಿದೆ. ಅವನೂ ಹತ್ತಿದ. ಎರಡು ಸ್ಟಾಪ್ ಮೊದಲೇ ಇಳಿದು ಓಡಿದೆ.

ಜೂನ್ 15

ಅಮ್ಮನಿಗೆ ಹೇಳಿದೆ. "ಫಾಲೋವರ್ ಇರ್ಬೇಕು ಕಣೇ. ಪ್ರೀತಿಯಿಂದ ಕೇಳಿರ್ತಾರೆ."

"ನನ್ನ ವಿಡಿಯೋ ಎಲ್ಲ ತೆಗಿ ಅಮ್ಮಾ."

ಅಮ್ಮನ ಮುಖ ಇಳಿದುಹೋಯಿತು. "ಈ ಮನೇಲಿ ನನ್ನ ಮಾತು ಯಾರು ಕೇಳ್ತೀರ, ಹೇಳು? ನಿಮ್ಮಪ್ಪ ಲಿಫ್ಟ್ ರಿಪೇರಿ ಮುಗಿಸ್ಕೊಂಡು ಬಂದ್ರೆ ಉಂಡು ಮಲಗ್ತಾರೆ. ನೀನು ರೂಮ್ ಬಾಗಿಲು ಹಾಕ್ಕೋತೀಯ. ಅಲ್ಲಾದ್ರೆ 'ಅಕ್ಕಾ, ಊಟ ಆಯ್ತಾ' ಅಂತ ಕೇಳೋರಿದ್ದಾರೆ."

ರೂಮಿಗೆ ಹೋದೆ, ಬಾಗಿಲು ಹಾಕಿಕೊಳ್ಳಲಿಲ್ಲ.

ಜೂನ್ 27

ನಿನ್ನೆ ಕಾಲಿಂಗ್ ಬೆಲ್. ಅಮ್ಮ ಬಾಗಿಲು ತೆಗೆದಳು. ಅವನೇ. ಕೈಯಲ್ಲಿ ಹೊಸ ಚಪ್ಪಲಿ — ನನ್ನ ಅಳತೆಯದ್ದು.

"ಗುಬ್ಬಿ ಚಪ್ಪಲಿ ಕಿತ್ತೋಗಿದೆ ಅಂದಿದ್ರಲ್ಲ ಅಕ್ಕಾ."

"ಮನೆ... ಹೇಗೆ ಗೊತ್ತಾಯ್ತು?"

"ನಿಮ್ಮ ಬಾಲ್ಕನಿಯಿಂದ ನೀರಿನ ಟ್ಯಾಂಕ್ ಕಾಣುತ್ತಲ್ಲ. ಅದನ್ನೇ ಹುಡುಕ್ಕೊಂಡು ಬಂದೆ." ನಗುತ್ತಲೇ ಹೇಳಿದ.

ಬಾಗಿಲು ದೂಡಿ ಚಿಲಕ ನಾನೇ ಹಾಕಿದೆ.

ಜೂನ್ 28

ಪೊಲೀಸ್ ಸ್ಟೇಷನ್. ಮೂವರೂ ಹೋದೆವು.

"ಮೈಮೇಲೆ ಕೈ ಹಾಕಿದ್ನಾ?" ಇಲ್ಲ. "ಹೆದರಿಸಿದ್ನಾ?" ಇಲ್ಲ...

ಇನ್‌ಸ್ಪೆಕ್ಟರ್ ಪೆನ್ ಕೆಳಗಿಟ್ಟರು. "ಮನೆ, ಸ್ಕೂಲು, ಎಲ್ಲಾ ತೋರಿಸಿದ್ದು ನೀವೇ ಅಲ್ವೇನಮ್ಮಾ?"

ವಾಪಸ್ ಬರುವಾಗ ಅಪ್ಪ ಅಮ್ಮನಿಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಜುಲೈ 2

ಅಮ್ಮ ಚಾನೆಲ್ ಅಳಿಸಿದಳು. ಪಕ್ಕದಲ್ಲೇ ಕೂತಿದ್ದೆ. ನನ್ನ ಮೊದಲ ಹೆಜ್ಜೆ, ಬಿದ್ದ ಹಲ್ಲು, ಎಲ್ಲಾ ಹೋಯಿತು. ಗೆದ್ದೆ ಅನ್ನಿಸಬೇಕಿತ್ತು.

ಸಂಜೆ ನನ್ನ ಕ್ಲಾಸಿನವಳೊಬ್ಬಳು ಲಿಂಕ್ ಕಳಿಸಿದಳು. ಯಾರದೋ ಪೇಜು. ಎಲ್ಲವೂ ಅಲ್ಲಿವೆ. ಚಿಕ್ಕವಳಿದ್ದಾಗಿನವೂ. ಕಾಮೆಂಟು ಓದಬಾರದಿತ್ತು. ಓದಿದೆ. ಇಲ್ಲಿ ಬರೆಯಲಾರೆ.

ರಿಪೋರ್ಟ್ ಮಾಡಿದ್ದಕ್ಕೆ ತಕ್ಷಣ ಉತ್ತರ — ನಿಯಮ ಮೀರಿದ್ದು ಕಂಡುಬಂದಿಲ್ಲ.

ಜುಲೈ 19

ಸ್ಕೂಲಿಗೆ ಹೋಗುತ್ತಿಲ್ಲ. ಪರದೆ ಸರಿಸುವುದಿಲ್ಲ. ಅವನು ಟ್ಯಾಂಕಿನ ಕೆಳಗೆ ಬಂದು ನಿಲ್ಲುತ್ತಾನೆ, ಸುಮ್ಮನೆ. ಇವತ್ತು ಅಪ್ಪ ಕೆಳಗಿಳಿದು ಕೂಗಾಡಿದರು. "ರೋಡು ನಿಮ್ದಾ ಸಾರ್?" ಎಂದು ಕೇಳಿದನಂತೆ. ಅಪ್ಪ ಮೇಲೆ ಬಂದು ಶೂ ಬಿಚ್ಚದೆ ಕೂತೇ ಇದ್ದರು.

ಮನೆ ಬದಲಿಸೋಣ ಎಂದೆ. "ಹೋದ ಕಡೆ ನಿನ್ನ ಮುಖ ಎಲ್ಲಿಡೋಣ ಮಗಳೇ?" ಎಂದರು. ಚುಚ್ಚಲು ಹೇಳಿದ್ದಲ್ಲ. ನಿಜವಾಗಿಯೂ ಕೇಳಿದರು.

ಆಗಸ್ಟ್ 6, ಮಧ್ಯಾಹ್ನ

ಅಮ್ಮ ಈಗ ಮಾತೇ ಆಡುವುದಿಲ್ಲ. ಕೇಳಿದ್ದಕ್ಕೆ ಹೂಂ, ಊಹೂಂ, ಅಷ್ಟೆ.

ಈಗಷ್ಟೇ ಅಡುಗೆಮನೆಯಿಂದ ಮಾತು ಕೇಳಿಸಿತು. ಮತ್ತೆ ಶುರು ಮಾಡಿದಳೇ! ಎದ್ದು ಓಡಿದೆ.

ಫೋನಿಲ್ಲ. ತರಕಾರಿ ಹೆಚ್ಚುತ್ತಿದ್ದಾಳೆ, ಗೋಡೆಯ ಕಡೆ ಮುಖ. "ಮಗಳು ಒಂದು ತುತ್ತೂ ತಿಂದಿಲ್ಲ ಕಣ್ರೀ. ಏನ್ಮಾಡ್ಲಿ ಹೇಳಿ." ಉತ್ತರ ಕೇಳಿಸಿಕೊಳ್ಳುವವಳಂತೆ ಮಾತು ನಿಲ್ಲಿಸಿದಳು. ತಲೆಯಾಡಿಸಿದಳು.

ಸದ್ದಿಲ್ಲದೆ ವಾಪಸ್ ಬಂದು ಇದನ್ನು ಬರೆಯುತ್ತಿದ್ದೇನೆ. ಇನ್ನೂ ಮಾತಾಡುತ್ತಲೇ ಇದ್ದಾಳೆ. ಹೋಗಿ ಪಕ್ಕದಲ್ಲಿ ಕೂರಬೇಕು. ಕೂತು 'ಊಟ ಆಯ್ತಾ ಅಮ್ಮಾ' ಎಂದಾದರೂ ಕೇಳಬೇಕು.