ರಾಜಾಪಾರ್ಟಿಗೆ ಹೊಲಿಗೆ ಪರೀಕ್ಷೆ

ಜೈಲಿನಿಂದ,
೧೮–೧೧–೨೦೨೪

ದೇವಲಾಪುರದ ಮನೆಯ ಮಹಾರಾಣಿ ಮಾಯಮ್ಮನಿಗೆ,

ಕಾಗದ ತಡವಾಯಿತು, ಮುನಿಯಬೇಡ. ಇಲ್ಲಿ ನಾನು ನಾಟಕ ಕಟ್ಟುತ್ತಿದ್ದೇನೆ. ಡಿಸೆಂಬರಿನ ಮೊದಲ ಭಾನುವಾರ ಪ್ರದರ್ಶನ. ಅಂದು ಕೈದಿಗಳ ಮನೆಯವರನ್ನೂ ಒಳಗೆ ಬಿಡುತ್ತಾರೆ. ನೀನು, ಮಗಳು ಚಿನ್ನು, ಇಬ್ಬರೂ ಬರಲೇಬೇಕು. ಬರೆಯುತ್ತಿರುವುದೇ ಅದಕ್ಕೆ.

ನಡೆದದ್ದು ಕೇಳು. ಹೊರಗೆ ಹೋದ ಮೇಲೆ ಬದುಕಿಕೊಳ್ಳಲಿ ಎಂದು ಇಲ್ಲಿ ಹೊಲಿಗೆ, ಮರಗೆಲಸ ಎಲ್ಲ ಕಲಿಸುತ್ತಾರೆ. ಕಲಿಯುವವರೇ ಇರಲಿಲ್ಲ. ಮೇಷ್ಟ್ರು ಖಾಲಿ ಮಿಷನ್ನುಗಳಿಗೆ ಪಾಠ ಹೇಳಿ ಹೋಗುತ್ತಿದ್ದರು. ನಾಟಕ ಎಂದದ್ದೇ ತಡ, ಇಡೀ ಬ್ಯಾರಕ್ಕು ಎದ್ದು ನಿಂತಿತು. ಎಲ್ಲರಿಗೂ ರಾಜಾಪಾರ್ಟೇ ಬೇಕು. ನಮ್ಮ ಕಡೆ ಊರ ನಾಟಕಗಳಲ್ಲಾದರೆ ಹೆಚ್ಚು ದುಡ್ಡು ಕೊಟ್ಟವನಿಗೆ ಕಿರೀಟ. ಇಲ್ಲಿ ಯಾರ ಜೇಬಲ್ಲಿ ಏನಿದೆ? ನಾನು ಎದೆ ಸೆಟೆಸಿ ಘೋಷಿಸಿದೆ: ಹೊಲಿಗೆ ಕಲಿತು ತನ್ನ ಉಡುಪನ್ನು ತಾನೇ ಹೊಲಿದುಕೊಂಡವನೇ ರಾಜ.

ಅರಕೆರೆಯ ಕುಳ್ಳಯ್ಯ, ಆರಡಿ ಆಳು, ಗುಡುಗಿದ. "ರಾಜ ಎಲ್ಲಾದ್ರೂ ಬಟ್ಟೆ ಒಲೀತಾನೇನ್ಲಾ ನಂಜಪ್ಪ?"

"ಒಲೀದಿದ್ರೆ ಬುಡು. ಬಾಗ್ಲು ಕಾಯೋನ ಪಾರ್ಟು ಖಾಲಿ ಅದೆ," ಅಂದೆ.

ಮರುದಿನವೇ ಮಿಷನ್ನುಗಳ ಮುಂದೆ ನೂಕುನುಗ್ಗಲು. ಸೇನಾಪತಿಯಾಗಬೇಕೆಂದು, ತನ್ನ ಕತ್ತಿ ತಾನೇ ಮಾಡಿಕೊಳ್ಳಲು ಶ್ರೀರಂಗಪಟ್ಟಣದ ಕಲೀಂ ಮರಗೆಲಸಕ್ಕೆ ಸೇರಿದ. ಸೇರಿದವನು ಸಪ್ಪೆ ಮುಖ ಹಾಕಿಕೊಂಡು ಬಂದ. "ನಂಜಪ್ಪಣ್ಣ, ಮರದ್ ಕತ್ತೀನೂ ಮಾಡಕ್ ಬುಡಲ್ಲ ಅಂತಾವ್ರೆ ಸಾಹೇಬ್ರು. ಸೇನಾಪತಿ ಕೈಗೆ ಲಟ್ಟಣಿಗೆ ಸಾಕಾ?"

ಕುಳ್ಳಯ್ಯನ ನಿಲುವಂಗಿಗೆ ಮೂರು ತೋಳು ಬಂದಿತ್ತು. ಕೇಳಿದರೆ, "ರಾಜಂಗೆ ಒಂದು ಎಚ್ಚಿಗೆ ಇರ್ಲಿ ಬುಡ್ಲಾ" ಅಂದ. ಆಮೇಲೆ ಬೈದುಕೊಂಡು ಬಿಚ್ಚಿದ, ಹೊಲಿದ, ಮತ್ತೆ ಬಿಚ್ಚಿದ. ಈಗ ಮೇಷ್ಟ್ರ ಅಂಗಿಗೇ ಕಾಲರು ಕೂರಿಸಿಕೊಡುತ್ತಾನೆ.

ರಾಣಿಪಾರ್ಟಿಗೆ ಮಾತ್ರ ಒಬ್ಬನೂ ಒಪ್ಪಲಿಲ್ಲ. ಮೀಸೆ ಬೋಳಿಸಿ ನಾನೇ ನಿಂತಿದ್ದೇನೆ. ನಗಬೇಡ.

ಚಿನ್ನುವಿಗೆ ಅಪ್ಪನ ಮುತ್ತು, ಆಶೀರ್ವಾದ. ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಮನೆ ತಣ್ಣಗಿರಲಿ.

ನಿನ್ನ,
ನಂಜಪ್ಪ

ಮತ್ತೊಂದು ಮಾತು: ಅಪ್ಪ ನಾಟಕ ಕಂಪನಿ ಸೇರಿ ಊರೂರು ತಿರುಗುತ್ತಿದ್ದಾನೆ ಎಂದು ನೀನು ಚಿನ್ನುವಿಗೆ ಹೇಳಿದ್ದೀಯಂತೆ. ನಿನ್ನಣ್ಣ ಚಿಕ್ಕಸ್ವಾಮಿ ನನ್ನನ್ನು ನೋಡಲು ಬಂದಾಗ ಹೇಳಿದ. ಕೋಪವಿಲ್ಲ ಮಾಯಮ್ಮ, ನೀನಾದರೂ ಇನ್ನೇನು ಹೇಳುತ್ತಿದ್ದೆ. ಆದರೆ ಮಗು ಅವನನ್ನು, "ಮಾವ, ಅಪ್ಪನ ಕಂಪ್ನಿ ನಮ್ಮೂರ್ಗೆ ಯಾವಾಗ ಬತ್ತದೆ?" ಎಂದು ಕೇಳಿತಂತೆ. ಅದನ್ನು ಕೇಳಿದ ಮೇಲೆಯೇ ನಾನು ಈ ನಾಟಕಕ್ಕೆ ಕೈ ಹಾಕಿದ್ದು. ಅವಳನ್ನು ಕರೆದುಕೊಂಡು ಬಾ. ಮೊದಲು ನಾಟಕ ನೋಡಿ ಚಪ್ಪಾಳೆ ತಟ್ಟಲಿ. ಆಮೇಲೆ ಬಣ್ಣ ತೊಳೆದುಕೊಂಡು ಬಂದು, ಮಿಕ್ಕದ್ದನ್ನು ನಾನೇ ಹೇಳುತ್ತೇನೆ.