ಬ್ರಾಡ್‌ವೇಯಲ್ಲಿ ಅಪ್ಪನ ಸ್ತ್ರೀವೇಷ

ಫಹಾಹೀಲ್, ಕುವೈತ್
೧೪ ನವೆಂಬರ್ ೧೯೯೮

ನನ್ನಂಥವನನ್ನು ಹೆತ್ತೂ ನಗುತ್ತಿರುವ ಅಮ್ಮಾ,

ನಿನ್ನ ಸೊಂಟನೋವು ಹೇಗಿದೆ? ಚಿಕ್ಕಮ್ಮನ ಬಾಣಂತನವೆಂದು ಕೊಡಪಾನಗಟ್ಟಲೆ ಬಿಸಿನೀರು ಎತ್ತಿ ಅದನ್ನು ಹೆಚ್ಚಿಸಿಕೊಳ್ಳಬೇಡ. ಮಗು ನನ್ನ ಹಾಗೇ ಇದೆ ಎಂದು ಬರೆದಿದ್ದೀಯ. ಅದಕ್ಕೆ ನನ್ನ ಸಂತಾಪ ತಿಳಿಸು. ಇಲ್ಲಿ ನಾವು ಕ್ಷೇಮ. ಅಪ್ಪನ ಸಾರಿನಲ್ಲಿ ಉಪ್ಪು ಒಂದು ದಿನ ಇರುತ್ತದೆ, ಒಂದು ದಿನ ಇರುವುದಿಲ್ಲ. ತಂಗಿ ಸುಪ್ರೀತಾ ಎರಡು ದಿನವೂ ಇಂಗ್ಲಿಷಿನಲ್ಲೇ ಬೈಯುತ್ತಾಳೆ.

ಇನ್ನು ಗಂಭೀರ ವಿಷಯ. ನಲವತ್ತನಾಲ್ಕರ ಹೆಂಗಸನ್ನು ಯಾರು ನೋಡುತ್ತಾರೆ, ನಾಯಕಿಯ ಪಾರ್ಟು ಬೇರೆಯವರಿಗೆ ಕೊಡಿ ಎಂದು ನೀನು ಇಲ್ಲಿನ ಕನ್ನಡ ಸಂಘಕ್ಕೆ ಬರೆದ ಕಾಗದವನ್ನು, ಇಂತಿ ವಾರಿಜಾ ಎಂಬ ಸಹಿಯವರೆಗೂ, ಎಲ್ಲರೆದುರು ಓದಲಾಯಿತು. ನಾಟಕ ರಚಿಸಿದ ಮಹಾಕವಿಯಾದ ನಾನು ಎದ್ದು ನಿಂತು ಮೌನ ಆಚರಿಸಿದೆ. ನಾನೇ ಹುಟ್ಟಿಸಿದ ನಾಯಕಿ ಕ್ಲಾರಾ ನ್ಯೂಯಾರ್ಕಿನ ಬ್ರಾಡ್‌ವೇ ರಂಗದಲ್ಲಿ ಬೆಳೆದು, ಹಾಲಿವುಡ್ಡಿನಲ್ಲಿ ಹೆಸರು ಮಾಡಿ, ನಲವತ್ತು ದಾಟಿದ ಕೂಡಲೇ ಇನ್ನು ಅಜ್ಜಿಯ ಪಾರ್ಟು ಮಾಡೆಂದು ಹೇಳಿಸಿಕೊಂಡು, ಮತ್ತೆ ರಂಗಕ್ಕೇ ಮರಳಿ ಗೆಲ್ಲುವವಳು. ಅದನ್ನು ಮಾಡಲು ನಿನ್ನ ಬಿಟ್ಟರೆ ಇಡೀ ಅಹ್ಮದಿ, ಫಹಾಹೀಲಿನಲ್ಲಿ ಯಾರಿದ್ದಾರೆ? ಇದ್ದವರಿಗೆ ಒಂದೋ ಕನ್ನಡ ಬಾರದು, ಇಲ್ಲವೇ ಗಂಡಂದಿರು ಬಿಡರು.

ನಿನ್ನೆ ಶುಕ್ರವಾರದ ರಿಹರ್ಸಲ್‌ನಲ್ಲಿ ಒಂದು ಕುರ್ಚಿಗೆ ನಿನ್ನ ಹಸಿರು ಶಾಲು ಹೊದೆಸಿ, ಕ್ಲಾರಾ ಇವಳೇ ಎಂದು ಘೋಷಿಸಿದೆ. ನಿರ್ಮಾಪಕನ ಪಾರ್ಟಿನ ಫ್ರೆಡ್ರಿಕ್ ಅಂಕಲ್ ಆ ಕುರ್ಚಿಗೆ, ನಿನ್ನ ಪ್ರಾಯ ಮುಗಿಯಿತು, ಎಂದು ಹೇಳಿ ಬೆವರಿದರು. ನನ್ನನ್ನು ಕರೆದೊಯ್ಯಲು ಬಂದು ಮೂಲೆಯಲ್ಲಿ ಕೂತಿದ್ದ ಅಪ್ಪ ಎದ್ದರು. "ಕುರ್ಚಿ ಹತ್ರ ಎಂತ ಮಾತು ಮಾರಾಯ್ರೆ? ನಾನು ನಿಲ್ತೇನೆ."

ಮದುವೆಗೆ ಮುಂಚೆ ಅವರು ಯಕ್ಷಗಾನದಲ್ಲಿ ಸ್ತ್ರೀವೇಷ ಹಾಕುತ್ತಿದ್ದರೆಂದು ನೀನು ಹೇಳಿದಾಗ ನಾನು ನಂಬಿರಲಿಲ್ಲ. ಶಾಲು ಹೊದ್ದು, ಸೊಂಟ ಬಳುಕಿಸಿ, ನಮ್ಮ ಶುಐಬಾ ರಿಫೈನರಿಯ ಫೋರ್‌ಮನ್ ಸಾಹೇಬರು ಮೀಸೆ ಸಮೇತ ಅಮೆರಿಕ ಪ್ರವೇಶ ಮಾಡಿದರು. ಅಲ್ಲಿ ಕ್ಲಾರಾಳಿಗೆ ನಾನು ಬರೆದದ್ದು, ಹಾಗಾದರೆ ಹೋಗುತ್ತೇನೆ, ಎಂಬ ಒಂದೇ ಸಾಲು. ಯಕ್ಷಗಾನದವರಿಗೆ ಬರೆದು ಕೊಟ್ಟ ಮಾತು ಯಾಕೆ? ಅಪ್ಪ ಆಗಲೇ ಕಟ್ಟಿ ಹೇಳುವ ಸ್ವಂತ ಅರ್ಥಗಾರಿಕೆಗೇ ಇಳಿದರು: "ಎಲವೋ ನಿರ್ಮಾಪಕನೇ, ಇಪ್ಪತ್ತರಲ್ಲಿ ನನಗೆ ಮುಖ ಮಾತ್ರ ಇತ್ತು. ಅದರ ಹಿಂದೆ ಒಬ್ಬಳಿದ್ದಾಳೆಂದು ಗೊತ್ತಾಗಲಿಕ್ಕೆ ಇಷ್ಟು ವರ್ಷ ಬೇಕಾಯಿತು. ಅವಳು ಬಂದು ನಿಂತ ಹೊತ್ತಿಗೆ ದೀಪ ಆರಿಸುವೆಯಾ?"

ಫ್ರೆಡ್ರಿಕ್ ಅಂಕಲ್ ಪುಟ ತಿರುಗಿಸಿ ತಿರುಗಿಸಿ ಈ ಮಾತು ಹುಡುಕಿ, ಸಿಗದೆ, ಕೊನೆಗೆ ಕ್ಷಮೆ ಕೇಳಿಬಿಟ್ಟರು. ನಿರ್ಮಾಪಕನೇ ಸೋತ ಮೇಲೆ ಕ್ಲಾರಾ ಹಾಲಿವುಡ್ ಬಿಟ್ಟು ಬ್ರಾಡ್‌ವೇಗೆ ಮರಳುವುದು ಯಾಕೆ? ನನ್ನ ನಾಟಕ ಅಲ್ಲಿಗೇ ಖಲಾಸ್.

ಆದ್ದರಿಂದ ಸಂಘದ ತೀರ್ಮಾನ ಇಷ್ಟು: ನಾಟಕ ಫೆಬ್ರವರಿಗೆ, ನೀನು ಬಂದ ಮೇಲೆ. ನೀನು ಒಪ್ಪದಿದ್ದರೆ ಅಪ್ಪ ಮೀಸೆ ತೆಗೆದು ತಾವೇ ಮಾಡುತ್ತಾರಂತೆ. ಆ ಮುಖವನ್ನು ನೋಡುವ ಧೈರ್ಯ ಮಕ್ಕಳಾದ ನಮಗಿಲ್ಲ.

ಚಿಕ್ಕಮ್ಮನಿಗೆ ನಮಸ್ಕಾರ, ನನ್ನ ಹಾಗಿರುವ ಆ ದುರದೃಷ್ಟವಂತನಿಗೆ ಮುತ್ತು.

ನಿನ್ನ ತಲೆನೋವು,
ಧನರಾಜ್

ತಾ.ಕ.: ಅಪ್ಪ ಓದಿದರೂ ಓದಿಯಾರೆಂದು ಮೇಲೆ ಬರೆಯಲಿಲ್ಲ, ಇದನ್ನು ಅಂಚೆ ಡಬ್ಬಿಯ ಮೇಲಿಟ್ಟು ಗೀಚುತ್ತಿದ್ದೇನೆ. ಯಕ್ಷಗಾನದಲ್ಲಿ ಪಾತ್ರ ತನ್ನ ಹೆಸರು ತಾನೇ ಹೇಳಿಕೊಳ್ಳುತ್ತದಲ್ಲ? ಕೊನೆಯಲ್ಲಿ ಅಪ್ಪ ಎದೆ ಮುಟ್ಟಿಕೊಂಡು, "ಈ ವಾರಿಜಾ ರಂಗ ಬಿಟ್ಟು ಇಳಿಯುವವಳಲ್ಲ," ಅಂದರು. ಕ್ಲಾರಾ ಅನ್ನಬೇಕಿತ್ತು. ತಿದ್ದೋಣವೆಂದು ಬಾಯಿ ತೆರೆದೆ. ಅವರ ಮುಖ ನೋಡಿ ಮುಚ್ಚಿಕೊಂಡೆ.