ಮೆರವಣಿಗೆಗೆ ಉಟ್ಟ ಸೀರೆ

ಗುಬ್ಬಿ
ಭಾನುವಾರ, 12 ಜನವರಿ 2025

ಅಣ್ಣಾ,

‘ಪ್ರೀತಿಯ’ ಎಂದು ಮೊದಲು ಬರೆದಿದ್ದೆ, ಆಮೇಲೆ ಹೊಡೆದುಹಾಕಿದೆ. ಪ್ರೀತಿ ಇಲ್ಲವೆಂದಲ್ಲ. ಆ ಪದವನ್ನು ಮೇಲೆ ಕೂರಿಸಿಕೊಂಡು ಕೆಳಗಿನದನ್ನೆಲ್ಲ ಬರೆಯಲು ನನಗೆ ಕೈ ಬರಲಿಲ್ಲ. ನೀನು ಹೇಗಿದ್ದೀಯ? ಬಳ್ಳಾರಿಯ ಬಿಸಿಲಿಗೆ ಮೂಗಿನಲ್ಲಿ ರಕ್ತ ಬರುತ್ತಿತ್ತಲ್ಲ, ನಿಂತಿದೆಯೇ? ಅವ್ವ ದಿನಾ ಕೇಳುತ್ತಾಳೆ. ನನ್ನನ್ನು ಕೇಳಿದರೆ ನನಗೇನು ಗೊತ್ತು? ಮೆಸ್ಸಿನ ಊಟ ಬಿಟ್ಟು ರೂಮಿನಲ್ಲೇ ಮುದ್ದೆ ತಿರುವಿಕೊಳ್ಳುತ್ತಿದ್ದೀಯಂತೆ. ನಮ್ಮ ಊರು ನಿನ್ನ ಹೊಟ್ಟೆಯಲ್ಲಾದರೂ ಉಳಿದಿದೆ ಅಂದುಕೊಂಡೆ. ಅವ್ವನಿಗೆ ಶುಗರ್ ಸ್ವಲ್ಪ ಏರಿದೆ, ಚಳಿಗೆ ಮೊಂಡುಗೈ ನೋಯುತ್ತದೆ, ಉಳಿದಂತೆ ಚೆನ್ನಾಗಿದ್ದಾಳೆ. ನಾಡಿದ್ದಿನ ಸಂಕ್ರಾಂತಿಗೆ ಕೊಬ್ಬರಿ ಹೆಚ್ಚುತ್ತಾ ಕೂತಿದ್ದಾಳೆ. ಈಳಿಗೆಮಣೆಗೆ ಕಾಲು ಕೊಟ್ಟು, ಎಡಗೈ ಒಂದರಲ್ಲೇ, ಒಂದೊಂದು ಚೂರೂ ಒಂದೇ ಅಳತೆಗೆ. ನಾನು ಹೆಚ್ಚಿಕೊಡುತ್ತೇನೆ ಅಂದರೆ, “ನೀನು ಹೆಚ್ಚಿದ್ರೆ ಕಟ್ಟಿಗೆ ಸೀಳ್ದಂಗಿರ್ತದೆ, ಬುಡು” ಅಂದಳು.

ಫೋನ್ ಮಾಡಬಹುದಿತ್ತು. ಮಾಡಿದರೆ “ಕ್ಲಾಸಲ್ಲಿದೀನಿ ಕಣೇ” ಅನ್ನುತ್ತೀಯ. ಭಾನುವಾರವೂ ನಿನಗೆ ಕ್ಲಾಸು. ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲ. ಹರಿಯಬಹುದು, ಆದರೆ ಹರಿಯುವ ಮೊದಲು ಒಂದೆರಡು ಸಾಲಾದರೂ ಕಣ್ಣಿಗೆ ಬಿದ್ದೇ ಬೀಳುತ್ತದೆ.

ನಾನು ಮತ್ತೆ ಕೆಲಸ ಬದಲಾಯಿಸಿದೆ. ಕುಣಿಗಲ್ಲಿನ ಗಾರ್ಮೆಂಟ್ಸ್ ಬಿಟ್ಟು ಮೂರು ತಿಂಗಳಾಯಿತು. ಒಂದೇ ಜಾಗದಲ್ಲಿ ಕೂತು ಒಂದೇ ಕಾಲರ್ ಹೊಲಿಯುವುದು ನನ್ನಿಂದ ಆಗಲಿಲ್ಲ. ಈಗ ತುಮಕೂರಿನಲ್ಲಿ ಒಂದು ಫ್ಲೆಕ್ಸ್ ಅಂಗಡಿ. ಪ್ರಿಂಟ್ ತೆಗೆಯುವುದೂ ನಾನೇ, ಏಣಿ ಹತ್ತಿ ಕಟ್ಟುವುದೂ ನಾನೇ. ಇದು ಐದನೆಯ ಕೆಲಸ, ನೀನು ಲೆಕ್ಕ ಇಟ್ಟಿರುತ್ತೀಯ ಎಂದು ಗೊತ್ತು. ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ‘ನನ್ನ ಓದಿಗಾಗಿ ತಂಗಿ ಶಾಲೆ ಬಿಟ್ಟಳು’ ಎಂದು ನೀನು ಅಲ್ಲಲ್ಲಿ ಹೇಳುತ್ತೀಯಂತೆ. ಹೇಳಬೇಡ. ಹತ್ತನೇ ಕ್ಲಾಸಿನಲ್ಲಿ ನಾನು ಬಿಟ್ಟದ್ದು ನನಗೆ ಕೂರಲಾಗದೆ. ಅವ್ವನ ಕೈ ನಾರಿನ ಫ್ಯಾಕ್ಟರಿಯ ಮಿಷನ್ನಿಗೆ ಸಿಕ್ಕಿದ್ದು ಅದಾದ ಮೇಲೆ. ನಿನಗೆ ಕಥೆ ಚೆಂದ ಕಾಣಲಿ ಎಂದು ನಾನು ತ್ಯಾಗಿಯಾಗುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನೀನು ಓದಿದ ಯೂನಿವರ್ಸಿಟಿಯಲ್ಲಿ ಬೀದಿಯಲ್ಲಿ ದುಡ್ಡು ಎತ್ತುವ ಆ ಆಸರೆ ಮೆರವಣಿಗೆ ಇನ್ನು ಇರಬೇಕೋ ಬೇಡವೋ ಎಂದು ಮೊನ್ನೆ ಗುರುವಾರ ಚರ್ಚೆ ಇಟ್ಟಿದ್ದರು. ಅದು ನಿನಗೂ ಗೊತ್ತು, ಏಕೆಂದರೆ ನಿನ್ನ ಪತ್ರವನ್ನು ಅಲ್ಲಿ ಓದಿದರು. ನಿನಗೆ ಗೊತ್ತಿಲ್ಲದ್ದು, ವೇದಿಕೆಯ ಹಿಂದಿನ ಫ್ಲೆಕ್ಸ್ ಕಟ್ಟಲು ಹೋದವಳು ನಾನೇ ಎಂಬುದು. ಒಂದು ಮೂಲೆಯ ಹಗ್ಗ ಸಡಿಲವಿತ್ತು, ಅದನ್ನು ಬಿಗಿಯುವ ನೆಪದಲ್ಲಿ ಕೊನೆಯವರೆಗೂ ಅಲ್ಲೇ ನಿಂತೆ.

ಮೊದಲು ಮಾತಾಡಿದ ಹುಡುಗ ಮೆರವಣಿಗೆ ಬೇಕು ಅಂದ. ಪ್ರತಿ ಡಿಪಾರ್ಟ್‌ಮೆಂಟಿಗೆ ಒಂದು ಟ್ರ್ಯಾಕ್ಟರ್, ಒಬ್ಬ ಫಲಾನುಭವಿ, ಒಂದು ಡಬ್ಬಿ, ಹೆಚ್ಚು ದುಡ್ಡು ಕೂಡಿಸಿದವರಿಗೆ ಶೀಲ್ಡ್. ಸ್ಪರ್ಧೆ ಇಲ್ಲದಿದ್ದರೆ ಯಾರೂ ಬೀದಿಗೆ ಇಳಿಯುವುದಿಲ್ಲ, ಇಷ್ಟು ವರ್ಷದಲ್ಲಿ ಎಷ್ಟೋ ಜನಕ್ಕೆ ಆಪರೇಷನ್ ಆಗಿದೆ, ಗಾಲಿಕುರ್ಚಿ ಬಂದಿದೆ ಅಂದ. ಸುಳ್ಳಲ್ಲ. ನಮ್ಮ ಮನೆಗೂ ಒಂದು ಕೈ ಬಂದಿದೆ. ಅದು ಬೀರುವಿನ ಮೇಲಿದೆ, ನಮ್ಮ ಮನೆಯಲ್ಲಿ ಯಾರಿಗೂ ಇಲ್ಲದ ಕೆಂಪು ಬಿಳುಪು ಬಣ್ಣದ್ದು. ಮದುವೆ ಮನೆಗೆ ಹೋಗುವಾಗ ಅವ್ವ ಹಾಕಿಕೊಂಡು ಸೆರಗು ಹೊದ್ದುಕೊಳ್ಳುತ್ತಾಳೆ. ಅಷ್ಟಕ್ಕಾದರೂ ಆಯಿತು, ಅದನ್ನು ಇಲ್ಲವೆನ್ನಲಾರೆ. ಆಮೇಲೆ ಅನುಪಮಾ ಎಂಬ ಹುಡುಗಿ ಬೇಡ ಅಂದಳು. ಬಡವರ ಮಾನ ಹರಾಜಿಗಿಡುತ್ತಿದ್ದೇವೆ, ನೆರವು ಬೇಕು, ಮೆರೆಸುವುದು ಬೇಡ ಅಂದಳು. ಎಷ್ಟು ಚೆನ್ನಾಗಿ ಮಾತಾಡಿದಳೆಂದರೆ ನನ್ನ ಕಣ್ಣು ತುಂಬಿತು. ಅಷ್ಟರಲ್ಲಿ ‘ಉದಾಹರಣೆಗೆ’ ಎಂದು ಗೋಡೆಯ ಮೇಲೆ ಒಂದು ಫೋಟೋ ಬಿಟ್ಟಳು. ಅವ್ವ ಕಣೋ. ಟ್ರ್ಯಾಕ್ಟರಿನ ಮೇಲೆ ಕೂತ ಅವ್ವ, ಮೊಂಡುಗೈ ಮೇಲಕ್ಕೆತ್ತಿದ ಅವ್ವ, ಎಂಟಡಿ ಎತ್ತರ. ಮಾನದ ಮಾತು ಮುಗಿಯುವವರೆಗೂ ಆ ಕೈ ಗೋಡೆಯ ಮೇಲೆಯೇ ಇತ್ತು. ಬೇಕು ಅನ್ನುವವರಿಗೂ ಆ ಕೈ ಬೇಕು, ಬೇಡ ಅನ್ನುವವರಿಗೂ ಅದೇ ಬೇಕು.

ಆಮೇಲೆ ಅಧ್ಯಕ್ಷತೆ ವಹಿಸಿದ್ದ ಪ್ರೊಫೆಸರ್ ಸದಾಶಿವಯ್ಯನವರು ನಿನ್ನ ಪತ್ರ ಓದಿದರು. ಚಿನ್ನದಂಥ ಕನ್ನಡ ನಿನ್ನದು. ‘ಗುಬ್ಬಿ ತಾಲ್ಲೂಕಿನ ಒಬ್ಬ ಬಡ ತಾಯಿಗೆ ಕೈ ಮರಳಿ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.’ ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬ ಬಡ ತಾಯಿ! ಎರಡು ವರ್ಷವಾಯಿತಣ್ಣಾ, ನೀನು ಪಾಸಾಗಿ ಹೊರಗೆ ಬಂದೆ, ಇನ್ನೊಬ್ಬರಿಗೆ ಸಮಾಜಕಾರ್ಯ ಪಾಠ ಮಾಡುವ ಗೆಸ್ಟ್ ಲೆಕ್ಚರರ್ ಆದೆ, ಈಗ ನಿನ್ನನ್ನು ಯಾವ ರೂಲ್ಸೂ ಕಟ್ಟಿಹಾಕಿಲ್ಲ. ಆದರೂ ಒಬ್ಬ ಬಡ ತಾಯಿ.

ರೂಲ್ಸ್ ನನಗೆ ಗೊತ್ತಿಲ್ಲದ್ದಲ್ಲ. ವಿದ್ಯಾರ್ಥಿಗಳ ಸ್ವಂತ ಮನೆಯವರನ್ನು ಫಲಾನುಭವಿ ಮಾಡುವಂತಿಲ್ಲ. ಅವ್ವನಿಗೆ ಕೈ ಕೊಡಿಸಬೇಕೆಂದು ನೀನು ಅವಳನ್ನು ಯಾರೋ ಎಂದು ಸುಳ್ಳು ಹೇಳಿದೆ, ಅದು ಪ್ರೀತಿಯೇ ಇರಬಹುದು, ನಾನೂ ಒಪ್ಪಿದ್ದೆ. ಆದರೆ ಅವ್ವನಿಗೆ ನೀನು ಹೇಳಿದ್ದೇನು? “ಅವ್ವಾ, ಶನಿವಾರ ತುಮಕೂರಲ್ಲಿ ನಿನ್ನ ಮೆರವಣಿಗೆ ಐತೆ.” ಅಷ್ಟೇ. ಅವ್ವ ಹುಟ್ಟಿದಾಗಿನಿಂದ ಕಂಡ ಮೆರವಣಿಗೆ ಯಾವುದು? ದೇವರದು, ಸ್ವಾಮಿಗಳದು, ಮದುವೆ ಗಂಡಿನದು. ನಮ್ಮ ಕಡೆ ಜನರ ತಲೆಗಿಂತ ಮೇಲೆ ಕೂರಿಸಿ ಯಾರನ್ನಾದರೂ ಬೀದಿಯಲ್ಲಿ ಕರೆದೊಯ್ದರೆ ಅದು ಮರ್ಯಾದೆಗೆ. ಮಗ ಎಂ.ಎಸ್.ಡಬ್ಲ್ಯೂ. ಓದುತ್ತಿದ್ದಾನೆ, ಓದಿಸಿದ ತಾಯಿಗೆ ಯೂನಿವರ್ಸಿಟಿಯವರು ಮರ್ಯಾದೆ ಮಾಡುತ್ತಾರೆ ಎಂದು ಅವಳು ತಿಳಿದುಕೊಂಡಳು. ಪಕ್ಕದ ಮನೆಯ ಚಿಕ್ಕಮಾರಮ್ಮನಿಗೆ ಹೇಳಿದಳು, “ನನ್ ಮಗ ನನ್ನ ಮೆರವಣಿಗೆ ಮಾಡುಸ್ತವ್ನೆ ಕಣಮ್ಮಿ, ನೀನೂ ಬಾ.” ಹಿಂದಿನ ದಿನ ನನ್ನ ಕೈಯಲ್ಲಿ ತಲೆಗೆ ಎಣ್ಣೆ ಹಚ್ಚಿಸಿಕೊಂಡಳು. ಹನುಮಕ್ಕ ದೊಡ್ಡಮ್ಮನ ಮಗಳ ಮದುವೆಗೆ ತೆಗೆದಿದ್ದ ಗಿಣಿಹಸಿರು ರೇಷ್ಮೆ ಸೀರೆ ಉಟ್ಟು, ಓಲೆ ಹಾಕಿಕೊಂಡು, ಬೆಳಿಗ್ಗೆ ಆರಕ್ಕೇ ಬಾಗಿಲಲ್ಲಿ ಕೂತಿದ್ದಳು.

ನೀನು ಬಂದವನು ಬಾಗಿಲಲ್ಲೇ ನಿಂತೆ. “ಇದೇನವ್ವಾ, ಮದ್ವೆಗೆ ಹೊಲ್ಟೋಳಂಗೆ! ಹಿಂಗೆ ಕೂತ್ರೆ ಯಾರು ಕೊಡ್ತಾರೆ?” ಅಂದೆ. ಅವ್ವ ನಿನ್ನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಸೀರೆ ನೋಡಿಕೊಂಡಳು. ಅಣ್ಣಾ, ನಾನು ನಿನಗೆ ಬೈಯಲು ಮಾತ್ರ ಕೂತಿಲ್ಲ. ಆ ಸೀರೆ ಬಿಚ್ಚಿ ಹಳೆಯ ವಾಯಿಲ್ ಸೀರೆ ಉಡಿಸಿದ್ದು ನಾನು. ಒಂದೇ ಕೈಯಲ್ಲಿ ಅವಳಿಗೆ ಬಿಚ್ಚಲಾಗದ ಓಲೆಯನ್ನು ತಿರುಪು ತಿರುಗಿಸಿ ತೆಗೆದದ್ದು ನಾನು. ಎಣ್ಣೆ ಹಚ್ಚಿ ಬಾಚಿದ್ದ ತಲೆಯನ್ನು ನಾನೇ ಕೆದರಿದೆ. ನೀನು ಆಚೆ ನಿಂತು “ಬೇಗ ಬೇಗ” ಅನ್ನುತ್ತಿದ್ದೆ. ಬಸ್ಸು ಹತ್ತುವಾಗ ನೀನು ಅವಳ ಕಿವಿಯಲ್ಲಿ, “ಇವತ್ತೊಂದಿನ ನನ್ನ ಮಗ ಅಂತ ಯಾರ ಹತ್ರಾನೂ ಅನ್ಬೇಡ” ಅಂದೆ. ಅದಕ್ಕೂ ತಲೆಯಾಡಿಸಿದಳು.

ಬಿ.ಎಚ್. ರಸ್ತೆಯ ಉದ್ದಕ್ಕೂ ನೀನು ಮೈಕ್ ಹಿಡಿದು ಕೂಗಿದೆ: “ನೋಡಿ ಈ ತಾಯಿಯನ್ನು! ಕೈ ಎತ್ತಮ್ಮಾ, ಎಲ್ಲರಿಗೂ ಕಾಣಲಿ!” ಅವ್ವ ಎತ್ತಿದಳು. ಎಡಗೈ ಎತ್ತಿದಾಗ “ಆ ಕೈಯಲ್ಲ” ಅಂದೆ. ಟೌನ್‌ಹಾಲ್ ಹತ್ತಿರ ಚಿಕ್ಕಮಾರಮ್ಮ ನಿಂತಿದ್ದಳು. ಪಾಪ, ಗುಬ್ಬಿಯಿಂದ ಪ್ಯಾಸೆಂಜರ್ ರೈಲು ಹತ್ತಿ, ಹೂವಿನ ಹಾರ ಕಟ್ಟಿಸಿಕೊಂಡು ಬಂದಿದ್ದಳು ಅವ್ವನಿಗೆ ಹಾಕಲು. ಟ್ರ್ಯಾಕ್ಟರ್ ಹತ್ತಿರ ಬಂದಾಗ ಅವಳು ಹಾರವನ್ನು ಚೀಲಕ್ಕೆ ತುರುಕಿ, ಸೆರಗಿನ ಗಂಟು ಬಿಚ್ಚಿ ನಿನ್ನ ಡಬ್ಬಿಗೆ ಹತ್ತು ರೂಪಾಯಿ ಹಾಕಿದಳು. ನೀನು ಮುಖ ಕೂಡ ನೋಡದೆ “ಥ್ಯಾಂಕ್ಸ್ ಅಮ್ಮಾ” ಅಂದೆ. ಆ ದಿನ ಡಬ್ಬಿಗೆ ಹಾಕಿದ ಹೆಂಗಸರಿಗೆಲ್ಲ ಅಮ್ಮಾ ಅಂದೆ ನೀನು. ಶೀಲ್ಡ್ ನಿಮಗೇ ಬಂತು. ಚಿಕ್ಕಮಾರಮ್ಮ ಇವತ್ತಿನವರೆಗೂ ಆ ಮಾತು ಎತ್ತಿಲ್ಲ. ಎತ್ತಿ ನಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಇದೆಲ್ಲ ಒಟ್ಟಿಗೆ ನೆನಪಾಗಿ ನಾನು ಫ್ಲೆಕ್ಸಿನ ಪಕ್ಕದಿಂದ ಕೈ ಎತ್ತಿದೆ. ಹಗ್ಗ ಕೈಯಲ್ಲೇ ಇತ್ತು. “ಸಾರ್, ಆ ಅಮ್ಮನ ಹೆಸರೇನು?” ಅಂದೆ. ಇಡೀ ಹಾಲ್ ತಿರುಗಿ ನೋಡಿತು. ಬೇಕು ಅಂದ ಹುಡುಗನಿಗೆ ಗೊತ್ತಿರಲಿಲ್ಲ. ಅನುಪಮಾಗೂ ಗೊತ್ತಿರಲಿಲ್ಲ. ಅವಳು ತಲೆ ತಗ್ಗಿಸಿದಳು, ಅದನ್ನೂ ಹೇಳಬೇಕು. ಸದಾಶಿವಯ್ಯನವರು ಕನ್ನಡಕ ಹಾಕಿಕೊಂಡು ಹಳೆಯ ಫೈಲ್ ತಿರುವಿ ಹಾಕಿದರು. ನೀನು ತುಂಬಿದ ಅರ್ಜಿ ಸಿಕ್ಕಿತು. ಅದರಲ್ಲಿ ಏನು ಬರೆದಿದ್ದೀಯ ಗೊತ್ತಾ? ‘ಫಲಾನುಭವಿಯ ಗೌರವದ ದೃಷ್ಟಿಯಿಂದ ಹೆಸರು ನೀಡಿಲ್ಲ.’ ಮುಖ ಕೊಟ್ಟೆ, ಕೈ ಕೊಟ್ಟೆ, ಹೆಸರೊಂದನ್ನು ಗೌರವಕ್ಕೆ ಮುಚ್ಚಿಟ್ಟೆ. ನಿನ್ನ ಮಾರ್ಕ್ಸ್‌ಕಾರ್ಡಿನಲ್ಲಿ ತಾಯಿಯ ಹೆಸರೆಂದು ಅದೇ ಇದೆಯಲ್ಲ, ಬರೆದಿದ್ದರೆ ಸಿಕ್ಕಿಬೀಳುತ್ತಿದ್ದೆ. “ನಿಮಗೆ ಗೊತ್ತೇನಮ್ಮಾ?” ಎಂದು ಅವರು ಕೇಳಿದರು. “ಗೊತ್ತು ಸಾರ್. ಆದ್ರೆ ಹೇಳ್ಬೇಕಾದೋಳು ನಾನಲ್ಲ” ಅಂದೆ. ಏಣಿ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದೆ. ಹೇಳಿಬಿಡಬೇಕೆಂದು ನಾಲಗೆ ತುದಿಗೆ ಬಂದಿತ್ತು. ಯಾಕೆ ನುಂಗಿದೆ ಅಂದರೆ, ನಾನು ಹೇಳಿದರೆ ಅದು ಚಾಡಿಯಾಗುತ್ತದೆ. ನೀನು ಹೇಳಿದರೆ ಮಾತ್ರ ಅದು ಅವ್ವನಿಗೆ ಸೇರುತ್ತದೆ.

ಇಪ್ಪತ್ತೈದನೇ ತಾರೀಕು ಶನಿವಾರ ಕೊನೆಯ ಸಭೆ, ಅವತ್ತೇ ತೀರ್ಮಾನ. ಹಳೆಯ ವಿದ್ಯಾರ್ಥಿಗಳ ಪರವಾಗಿ ನೀನು ಮಾತಾಡುತ್ತೀಯ ಎಂದು ಕರೆಯೋಲೆಯಲ್ಲಿ ಹಾಕಿದ್ದಾರೆ. ಅದನ್ನು ಪ್ರಿಂಟ್ ಮಾಡಿದ್ದೂ ನಮ್ಮ ಅಂಗಡಿಯೇ. ಮೆರವಣಿಗೆ ಬೇಕು ಅಂತ ಹೇಳು, ಬೇಡ ಅಂತ ಹೇಳು, ಅದು ನಿನ್ನಿಷ್ಟ. ಅದರಲ್ಲಿ ಯಾವುದು ಸರಿ ಎಂದು ನನಗೂ ಪೂರ್ತಿ ಗೊತ್ತಿಲ್ಲ. ಆದರೆ ಮೊದಲ ವಾಕ್ಯದಲ್ಲೇ ‘ನಮ್ಮವ್ವ ದೊಡ್ಡಗಂಗಮ್ಮ’ ಅನ್ನು. ಶೀಲ್ಡ್ ವಾಪಸ್ ಕೇಳುತ್ತಾರೆಯೇ, ಕೇಳಲಿ. ನಿನ್ನ ಕೆಲಸಕ್ಕೆ ಕುತ್ತು ಬರುತ್ತದೆಯೇ, ಬರಬಹುದು. ನನಗೆ ಫ್ಲೆಕ್ಸ್ ಕಟ್ಟಲು ಒಬ್ಬ ಜೊತೆಗಾರ ಬೇಕಾಗಿದ್ದಾನೆ.

ಹುಷಾರು. ಬಿಸಿಲಿಗೆ ಹೊರಗೆ ಹೋಗುವಾಗ ತಲೆಗೆ ಏನಾದರೂ ಹಾಕಿಕೋ. ಎಳ್ಳು ಬೆಲ್ಲದ ಪೊಟ್ಟಣ ಇದರ ಜೊತೆಗೇ ಕಳಿಸುತ್ತಿದ್ದೇನೆ. ಹೆಚ್ಚಿದ್ದು ಅವ್ವ, ಪೊಟ್ಟಣ ಕಟ್ಟಿದ್ದು ನಾನು, ಅದಕ್ಕೇ ಸೊಟ್ಟಗಿದೆ. ಅವ್ವ ನಿನ್ನ ತಲೆ ಮೇಲೆ ಕೈಯಿಟ್ಟಿದ್ದಾಳೆ ಎಂದು ಬರೆಯಲು ಹೇಳಿದಳು, ಬರೆದಿದ್ದೇನೆ.

ಇಂತಿ ನಿನ್ನ ತಂಗಿ,
ಶಶಿರೇಖಾ

ಮ.ಸೂ.: ಲಕೋಟೆ ಅಂಟಿಸಿದ್ದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನಿನ್ನ ಡಿಪಾರ್ಟ್‌ಮೆಂಟಿನ ಈಗಿನ ಹುಡುಗರು ಆ ಫೋಟೋ ತೋರಿಸುತ್ತಾ ಮನೆ ಹುಡುಕಿಕೊಂಡು ಬಂದಿದ್ದರು, ಈಗಷ್ಟೇ ಹೋದರು. ತೀರ್ಮಾನ ಆಗುವ ಮೊದಲೇ ಟ್ರ್ಯಾಕ್ಟರ್ ಗೊತ್ತು ಮಾಡಿದ್ದಾರೆ. ಈ ಸಲ ಬೆರಳು ಆಡಿಸುವ, ಬ್ಯಾಟರಿ ಕೈ ಕೊಡಿಸುತ್ತಾರಂತೆ. ನಾನು ಬೈದು ಕಳಿಸುವಷ್ಟರಲ್ಲಿ ಅವ್ವ “ಮೈಕ್ ಹಿಡ್ಕೊಳೋನು ನಮ್ ಲಕ್ಷ್ಮೀಕಾಂತನೇನಪ್ಪಾ?” ಅಂದಳು. ಆಮೇಲೆ ನಾಲಗೆ ಕಚ್ಚಿಕೊಂಡು “ಆ ಲಕ್ಷ್ಮೀಕಾಂತ ಅನ್ನೋರು” ಎಂದು ತಿದ್ದಿಕೊಂಡಳು. ಹುಡುಗರು “ಹೂಂ ಅಮ್ಮಾ, ಸರ್ ಬರ್ತಾರೆ” ಅಂದರು. ಹಾಗಾದರೆ ಬರುತ್ತೇನೆ ಅಂದಳು. ಈಗ ಒಳಗೆ ಹೋಗಿ ನೋಡಿದೆ. ಗಿಣಿಹಸಿರು ಸೀರೆ ಪೆಟ್ಟಿಗೆಯ ತಳಕ್ಕೆ ಹೋಗಿದೆ, ಹಳೆಯ ವಾಯಿಲ್ ಸೀರೆ ಮಡಿಸಿ ಮೇಲಿಟ್ಟಿದ್ದಾಳೆ. ಓಲೆ ಬಿಚ್ಚಲು ನನ್ನನ್ನು ಕರೆಯಲೇ ಇಲ್ಲ. ಒಂದು ಬಿಚ್ಚಿಕೊಂಡಿದ್ದಾಳೆ, ಇನ್ನೊಂದರ ತಿರುಪಿಗೆ ಎಡಗೈ ತಿರುಗಿಸಿ ಪರದಾಡುತ್ತಿದ್ದಾಳೆ. ಮೆರವಣಿಗೆಗೆ ಇನ್ನೂ ತಿಂಗಳಿದೆಯಲ್ಲವ್ವಾ ಅಂದೆ. “ಈಗಿಂದ್ಲೇ ಅಭ್ಯಾಸ ಆಗ್ಲಿ. ಅವ್ನು ಬಂದು ಬಾಗ್ಲಲ್ಲಿ ನಿಂತು ಹೇಳೋ ಕಷ್ಟ ಬ್ಯಾಡ” ಅಂದಳು.